ಮೈಸೂರಿನ ಹಳೇ ಮನೆಗೆ ಎಷ್ಟು ಹೇಳಬೇಕು? ಮಾರಿದವರು ಹೇಳಿ

ಕುವೆಂಪುನಗರದವಳು: ಅಪ್ಪ ಅಮ್ಮನ ಮನೆ ಮಾರಬೇಕಿದೆ. 30×40 ಸೈಟು, ಕೆಳಗೊಂದು ಮೇಲೊಂದು ಮನೆ, ಕಟ್ಟಿ ಇಪ್ಪತ್ತು ವರ್ಷ ದಾಟಿದೆ. ಮನೆಯ ಖಾತೆ, ಇಸಿ (ಆಸ್ತಿಯ ಮೇಲೆ ಸಾಲ-ಋಣ ಇದೆಯಾ ಅಂತ ತೋರಿಸುವ ಪತ್ರ) ಎಲ್ಲ ಸರಿಯಿದೆ. ಬ್ರೋಕರ್ 1.75 ಕೋಟಿ ಹೇಳಿ ಅನ್ನುತ್ತಾರೆ. ಪಕ್ಕದ ಮನೆಯವರು 2 ಕೋಟಿಗೆ ಕಮ್ಮಿ ಬೇಡವೇ ಬೇಡ ಅಂತಾರೆ. ನೋಡಲು ಬಂದವರೊಬ್ಬರು 1.35 ಅಂದು ಹೋದರು. ಎಷ್ಟರಿಂದ ಶುರು ಮಾಡಲಿ?

ಬೋಗಾದಿ ರಸ್ತೆ: ಬ್ರೋಕರ್ ಮಾತು ಕೇಳಲೇಬೇಡಿ. ನಮ್ಮ ಮನೆಗೆ 1.80 ಹೇಳಿಸಿದ್ದೇ ಅವರು. "ಚೌಕಾಸಿಗೆ ಜಾಗ ಇರಲಿ ಸಾರ್" ಅಂತ. ಮೇಲಿನ ಬಾಡಿಗೆಯವರನ್ನು ಖಾಲಿ ಮಾಡಿಸಿದರು, ತಿಂಗಳಿಗೆ 14 ಸಾವಿರ ಹೋಯಿತು. ಬಣ್ಣಕ್ಕೆ 1 ಲಕ್ಷ 65 ಸಾವಿರ. ಸಂಪು ಸೋರುತ್ತಿತ್ತು, ಅದಕ್ಕೆ 38 ಸಾವಿರ. ಇಷ್ಟೆಲ್ಲ ಸುರಿದ ಮೇಲೆ ಬಚ್ಚಲಿನ ಗೋಡೆಯಲ್ಲಿ ತೇವ ಎದ್ದು ಹೊಸ ಬಣ್ಣ ಹಪ್ಪಳದ ಹಾಗೆ ಉಬ್ಬಿತು. ಬಂದವರೆಲ್ಲ ಉಗುರಿನಲ್ಲಿ ಅದನ್ನೇ ಕೆರೆಯುವವರು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಆಮೇಲೆ ಯಾರು ಬಂದರೂ ಒಂದೇ ಪ್ರಶ್ನೆ, "ಇಷ್ಟು ದಿನ ಯಾಕೆ ಹೋಗಿಲ್ಲ, ಕೇಸು ಗೀಸು ಇದೆಯಾ?" ಕೊನೆಗೆ 1.38. ಶುರುವಿನಲ್ಲೇ 1.50 ಕೊಡುವವರು ಇದ್ದರು. "ಇನ್ನೂ ಏರ್ತಾರೆ" ಅಂತ ಅವರನ್ನು ಓಡಿಸಿದ್ದೂ ಅದೇ ಪುಣ್ಯಾತ್ಮ. ಕಮಿಷನ್ ಮಾತ್ರ ಪೂರ್ತಿ ಶೇ 2 ಎಣಿಸಿಕೊಂಡ.

ಹಳೇ ಹೆಂಚು: ನಾನು ಬ್ರೋಕರೇ ಇಲ್ಲದೆ ಮಾರಿದೆ. ಬೀದಿಯಲ್ಲಿ ಖಾಲಿ ಸೈಟು ಎಷ್ಟಕ್ಕೆ ಕೇಳ್ತಿದ್ದಾರೆ ಅಂತಲ್ಲ, ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿದೆ. ಚದರಡಿಗೆ 8,500. 1,200 ಅಡಿಗೆ 1.02 ಕೋಟಿ. ಕಟ್ಟಡ 1,600 ಅಡಿ. ಇವತ್ತು ಕಟ್ಟಲು ಅಡಿಗೆ 2,200 ಅಂತಿಟ್ಟು, ಹಳೆಯದಲ್ವಾ ಅಂತ ಮೂರರಲ್ಲಿ ಒಂದು ಪಾಲು ಹಿಡಿದೆ. ಸುಮಾರು 12 ಲಕ್ಷ. 1.20 ಹೇಳಿ 1.16ಕ್ಕೆ ಕೊಟ್ಟೆ. ತೇಗದ ಬಾಗಿಲು, ದೇವರ ಕೋಣೆಯ ಕೆತ್ತನೆ, ಯಾವುದಕ್ಕೂ ಒಂದು ರೂಪಾಯಿ ಸಿಗಲ್ಲ. ಕೊಂಡವರು ಒಡೆದು ಕಟ್ಟುತ್ತಾರೆ. ಜಾಸ್ತಿ ಆಸೆ ಪಟ್ಟವರು ಹೀಗೆ ಅಳ್ತಾ ಇರ್ತಾರೆ.

ಬೋಗಾದಿ ರಸ್ತೆ: ಅಳ್ತಿರೋದು ಯಾರು ಸ್ವಾಮಿ? ನನಗೆ ಬಂದದ್ದು 1.38, ನಿಮಗೆ 1.16. ಮನೆಯನ್ನು ಸೈಟಿನ ರೇಟಿಗೆ ಕೊಟ್ಟು ಜಾಣತನ ಅಂತೀರಲ್ಲ.

ಲೆಕ್ಕ ಕೇಳಿ: ಇಬ್ಬರೂ ಕೈಗೆ ಉಳಿದದ್ದೆಷ್ಟು ಹೇಳ್ತಿಲ್ಲ. ನಮ್ಮದು 2004-05ರಲ್ಲಿ 18 ಲಕ್ಷಕ್ಕೆ ಕೊಂಡ ಮನೆ. 2025ರ ಕೊನೆಯಲ್ಲಿ ಮಾರಿದೆವು. ಮಾತಾದದ್ದು 1.42. ಅಷ್ಟರಲ್ಲಿ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿತ್ತು. ಅದನ್ನೇ ನೆವ ಮಾಡಿ 1.40ಕ್ಕೆ ಎಳೆದರು. ಶುಲ್ಕ ಕಟ್ಟೋದು ಅವರು, ಕೊಟ್ಟದ್ದು ನಾವು! 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದ್ದರಿಂದ ಮಾರಿದ ಲಾಭದ ಮೇಲಿನ ತೆರಿಗೆಗೆ ಎರಡು ದಾರಿ. ಕೊಂಡ ಬೆಲೆಗೆ ಹಣದುಬ್ಬರ ಸೇರಿಸದೆ ಶೇ 12.5, ಅಂದರೆ 15.25 ಲಕ್ಷ. ಸೇರಿಸಿದರೆ ಶೇ 20, ಅದು 16 ಲಕ್ಷ ದಾಟಿತು. ಸೆಸ್ ಬೇರೆ. ಬೇರೆ ಮನೆ ಕೊಂಡರೆ ಉಳಿಯುತ್ತಿತ್ತು, ಮಗ ಬೇಡವೇ ಬೇಡ ಅಂದ. ಇದನ್ನು ಕಳೆದು ಬೆಲೆ ಹೇಳಿ.

ಊರ ಅಳಿಯ: ಅದಕ್ಕೇ ಎಲ್ಲರೂ ಸರ್ಕಾರಿ ಮಾರ್ಗಸೂಚಿ ಬೆಲೆಗೆ ನೋಂದಣಿ ಮಾಡಿ ಮಿಕ್ಕದ್ದು ಕ್ಯಾಶ್ ತಗೊಳ್ಳೋದು. ನಾನೂ ಹಾಗೇ ಮಾಡಿದೆ, ಏನೂ ಆಗಿಲ್ಲ.

ಲೆಕ್ಕ ಕೇಳಿ: ಇನ್ನೂ ಆಗಿಲ್ಲ ಅನ್ನಿ. 20 ಸಾವಿರ ಮುಟ್ಟಿದರೆ ಸಾಕು, ತಗೊಂಡ ಕ್ಯಾಶಿನಷ್ಟೇ ದಂಡ ಹಾಕಬಹುದು. ಅದಿರಲಿ, ಸಂಬಳದವರು ಸಾಲ ಮಾಡಿ ಕೊಳ್ಳೋರು. ಪತ್ರದಲ್ಲಿ 80 ಲಕ್ಷ ಅಂತಿದ್ದರೆ ಬ್ಯಾಂಕು 1.40ಕ್ಕೆ ಸಾಲ ಕೊಡುತ್ತಾ? ಕ್ಯಾಶ್ ಅಂದ ಕೂಡಲೇ ಅರ್ಧ ಜನ ಫೋನೇ ಎತ್ತಲ್ಲ.

ಊರ ಅಳಿಯ: ಉಪದೇಶ ಸಾಕು. ನೀವು 15 ಲಕ್ಷ ಕಟ್ಟಿದ ಹೊಟ್ಟೆಯುರಿ ನನ್ನ ಮೇಲೆ ಯಾಕೆ?

ಕುವೆಂಪುನಗರದವಳು: ಹಾಗಾದರೆ 1.50 ಹೇಳಲಾ? ಅಂದಹಾಗೆ ಬಾಗಿಲು ದಕ್ಷಿಣಕ್ಕಿದೆ.

ಹಳೇ ಹೆಂಚು: ದಕ್ಷಿಣವಾ? ಸುಮ್ನೆ 10 ಲಕ್ಷ ಇಳಿಸಿ. ವಾಸ್ತು ನಂಬದವನೂ ಚೌಕಾಸಿಗೆ ಕೂತಾಗ ನಂಬುತ್ತಾನೆ.

ಬೋಗಾದಿ ರಸ್ತೆ: ಯಾಕ್ರೀ ಇಳಿಸಬೇಕು? ನಮ್ಮದೂ ದಕ್ಷಿಣವೇ. ಆ ಮನೆಯಲ್ಲೇ ಇಬ್ಬರು ಮಕ್ಕಳ ಮದುವೆ ಮಾಡಿದ್ದೇನೆ.

ಹಳೇ ಹೆಂಚು: ಓ, 1.80 ಹೇಳಿ 1.38ಕ್ಕೆ ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತು.

ಬೋಗಾದಿ ರಸ್ತೆ: ಅದು ತೇವಕ್ಕೆ ರೀ, ದಿಕ್ಕಿಗಲ್ಲ!

ಊರ ಅಳಿಯ: ಸಂಪಿಗೆ 38 ಸಾವಿರವಾ? ನಮ್ಮಲ್ಲಿ 12 ಸಾವಿರಕ್ಕೆ ಮುಗಿಯಿತು. ಮೇಸ್ತ್ರಿ ನಿಮ್ಮ ತಲೆ ಬೋಳಿಸಿದ್ದಾನೆ.

ಬೋಗಾದಿ ರಸ್ತೆ: ನಿಮ್ಮ ಪತ್ರದಲ್ಲಿ 12 ಅಂತ ಇರುತ್ತೆ, ಮಿಕ್ಕದ್ದು ಕ್ಯಾಶ್ ಕೊಟ್ಟಿರ್ತೀರಿ ಬಿಡಿ.