ಗಿನಿಪಿಗ್‌ಗೆ ನಿದ್ದೆ ಮಾತ್ರೆ ಕೊಟ್ಟು ವಿಮಾನ ಹತ್ತಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾವು ಬೇರೆ ದೇಶಕ್ಕೆ ಹೋಗಿ ನೆಲೆಸುತ್ತಿದ್ದೇವೆ. ಎರಡು ವರ್ಷದ ಗಿನಿಪಿಗ್ ಇದೆ, ತೂಕ 900 ಗ್ರಾಂ. ಮನೆ ಬಿಟ್ಟು ಹೊಸ ಮನೆ ಸೇರೋ ತನಕ 14 ಗಂಟೆ ಬೇಕು. ಫ್ರಿಜ್ ಬಾಗಿಲು ತೆಗೆದ ಸದ್ದಿಗೇ ಕೂಗಿ ಕರೆಯುವ ಪ್ರಾಣಿ ಅದು, ಬಿಟ್ಟು ಹೋಗೋಕೆ ಮನಸ್ಸಿಲ್ಲ. ನಿದ್ದೆ ಮಾತ್ರೆ ಕೊಟ್ಟರೆ ಸುಮ್ನೆ ಮಲಗಿರುತ್ತೆ ಅಂತ ಒಬ್ಬರು ಹೇಳಿದರು. ಕೊಡಬಹುದಾ?

ಉತ್ತರ (ಪಶುವೈದ್ಯೆ): ದಯವಿಟ್ಟು ಕೊಡಬೇಡಿ. ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ. ಮಂಪರಿನಲ್ಲಿರುವ ಪುಟ್ಟ ಪ್ರಾಣಿಗೆ ಅಲ್ಲಿ ಉಸಿರಾಟ ಕುಗ್ಗಬಹುದು, ಮೈ ತಣ್ಣಗಾಗಬಹುದು. ಅದಕ್ಕಿಂತ ಮುಖ್ಯವಾಗಿ, ಮಲಗಿದರೆ ಅದು ತಿನ್ನುವುದಿಲ್ಲ.

ಗಿನಿಪಿಗ್‌ನ ಕರುಳು ಓಡುತ್ತಿರಬೇಕಾದರೆ ಹುಲ್ಲು ಒಳಗೆ ಹೋಗುತ್ತಲೇ ಇರಬೇಕು. ಹತ್ತು ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಕರುಳು ಸ್ತಬ್ಧವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ನೋವಿಗೆ ಇನ್ನೂ ತಿನ್ನುವುದಿಲ್ಲ. ಹೀಗೆ ಪ್ರಯಾಣ ಮುಗಿಸಿ ಬಂದ ಒಂದು ಗಿನಿಪಿಗ್ ನೋಡಿದ್ದೆ. ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಪೆಟ್ಟಿಗೆಯಲ್ಲಿದ್ದದ್ದು ನಾಲ್ಕೇ ಹಿಕ್ಕೆ, ಅವೂ ಸಾಸಿವೆಗಿಂತ ಸ್ವಲ್ಪ ದಪ್ಪ, ಒಣಗಿದವು. ಮೂರು ದಿನ ಸಿರಿಂಜ್‌ನಲ್ಲಿ ಊಟ ಹಾಕಿ ಉಳಿಸಿಕೊಂಡೆವು. ಅದಕ್ಕೇ ಹೇಳೋದು, ದಾರಿಯುದ್ದಕ್ಕೂ ಹಿಕ್ಕೆ ನೋಡ್ತಾ ಇರಿ.

ಪೆಟ್ಟಿಗೆ ತುಂಬ ಹುಲ್ಲು ಇಡಿ. ನೀರಿನ ಬಾಟಲಿ ತೊಟ್ಟಿಕ್ಕಿ ಹಾಸಿಗೆ ಒದ್ದೆಯಾಗುತ್ತದೆ. ಬದಲಿಗೆ ಸೌತೆಕಾಯಿ ಹೋಳು ಇಡಿ, ಇಳಿದ ತಕ್ಷಣ ನೀರು ಕೊಡಿ. ಜೊತೆಗೆ ಒಂದೆರಡು ಹೋಳು ದೊಣ್ಣೆಮೆಣಸು ಇರಲಿ. ನಮ್ಮ ಹಾಗೇ ಗಿನಿಪಿಗ್‌ಗೂ ದೇಹದಲ್ಲಿ ವಿಟಮಿನ್ ಸಿ ತಯಾರಾಗುವುದಿಲ್ಲ. ಪೆಟ್ಟಿಗೆಯನ್ನು ಹೊರಡುವ ದಿನ ತರಬೇಡಿ. ಮೂರು ವಾರ ಮೊದಲೇ ಬಾಗಿಲು ತೆಗೆದು ಅದರ ಗೂಡಿನಲ್ಲಿಡಿ, ಹುಲ್ಲನ್ನು ಅದರೊಳಗೇ ಹಾಕಿ. ತಾನಾಗಿ ಒಳಗೆ ಹೋಗಿ ಮಲಗಿದರೆ ಅರ್ಧ ಗೆದ್ದ ಹಾಗೆ.

ಪ್ರಶ್ನೆ: ನಮ್ಮ ಸೀಟಿನ ಕೆಳಗೇ ಇಟ್ಟುಕೊಳ್ಳಬಹುದಾ?

ಉತ್ತರ: ಟಿಕೆಟ್ ಕೊಳ್ಳುವ ಮೊದಲೇ ಕೇಳಬೇಕಾದ್ದು ಇದು. ಎಷ್ಟೋ ವಿಮಾನ ಕಂಪನಿಗಳು ಕ್ಯಾಬಿನ್‌ಗೆ ನಾಯಿ, ಬೆಕ್ಕು ಮಾತ್ರ ಬಿಡುತ್ತವೆ. ‘ಸಾಕುಪ್ರಾಣಿ’ ಅನ್ನಬೇಡಿ, ‘ಗಿನಿಪಿಗ್’ ಅಂತಲೇ ಹೇಳಿ, ಒಪ್ಪಿಗೆಯನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಇಳಿಯುವ ದೇಶದ ನಿಯಮ, ನಡುವೆ ವಿಮಾನ ಬದಲಿಸುವ ದೇಶದ ನಿಯಮ ಎರಡನ್ನೂ ನೋಡಿ. ಉದಾಹರಣೆಗೆ ಬ್ರಿಟನ್‌ಗೆ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಗಿನಿಪಿಗ್ ತಂದರೆ ನಾಲ್ಕು ತಿಂಗಳು ಕ್ವಾರಂಟೈನ್. ಅಂಥ ಕಡೆ ಹೋಗುವುದಾದರೆ, ನಂಬಿಕಸ್ತರ ಮನೆಯಲ್ಲಿ ಬಿಡುವುದೇ ಅದಕ್ಕೆ ಸುಖ ಅನ್ನುವುದು ನನ್ನ ಅಭಿಪ್ರಾಯ. ಆರೋಗ್ಯ ಪ್ರಮಾಣಪತ್ರ ಹೊರಡುವ ಎಷ್ಟು ದಿನದ ಒಳಗಿನದ್ದಾಗಿರಬೇಕು ಅಂತಲೂ ಕೇಳಿ.

ಇನ್ನೊಬ್ಬ ಸದಸ್ಯರು: ಸೆಕ್ಯುರಿಟಿಯಲ್ಲಿ ಎಕ್ಸ್‌-ರೇ ಯಂತ್ರಕ್ಕೆ ಹಾಕ್ತಾರಾ ಮೇಡಂ? ನಮ್ಮದು ಕೈ ಜಾರಿ ಓಡಿಬಿಡುತ್ತೆ ಅಂತ ಭಯ.

ಉತ್ತರ: ಯಂತ್ರದೊಳಗೆ ಖಾಲಿ ಪೆಟ್ಟಿಗೆ ಮಾತ್ರ ಹೋಗಬೇಕು. ಪ್ರಾಣಿಯನ್ನು ಎತ್ತಿಕೊಂಡು ನೀವು ನಡೆದು ಹೋಗಬೇಕು. ನಿಮ್ಮ ಭಯ ಸರಿಯಾಗೇ ಇದೆ, ಅದಕ್ಕೇ ಬಾಗಿಲು ಹಾಕಿದ ಕೋಣೆಯಲ್ಲಿ ತಪಾಸಣೆ ಮಾಡಿ ಅಂತ ಮೊದಲೇ ಕೇಳಿಕೊಳ್ಳಿ. ಒಂದು ಸಣ್ಣ ಟವೆಲ್‌ನಲ್ಲಿ ಸುತ್ತಿ, ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ನಿಮ್ಮ ಎದೆಗೆ ಒತ್ತಿ ಹಿಡಿಯಿರಿ. ಅದರ ಹಾಸಿಗೆಯ ಬಟ್ಟೆಯನ್ನೇ ಟವೆಲ್ ಮಾಡಿಕೊಂಡರೆ ಇನ್ನೂ ಒಳ್ಳೆಯದು, ವಾಸನೆ ಗುರುತು ಸಿಗುತ್ತದೆ.

ಪ್ರಶ್ನೆ ಕೇಳಿದವರು: ಮಾತ್ರೆ ವಿಚಾರ ಬಿಟ್ಟೆವು ಡಾಕ್ಟ್ರೇ. ಪೆಟ್ಟಿಗೆ ಇವತ್ತೇ ತಂದು ಗೂಡಿನಲ್ಲಿಟ್ಟಿದ್ದೇವೆ. ಸದ್ಯಕ್ಕೆ ತಲೆ ಮಾತ್ರ ಒಳಗೆ ಹಾಕಿ ಹುಲ್ಲು ಎಳೆದುಕೊಳ್ತಿದೆ.