ಹನ್ನೆರಡು ಜನ ಸೈಕಲ್ಲಲ್ಲಿ ಆಫೀಸಿಗೆ ಬರ್ತಿದ್ರು, ಹದಿನೈದೇ ದಿನಕ್ಕೆ ಏಳು ಜನ ವಾಪಸ್ ಸ್ಕೂಟರಿಗೆ. ಏನು ಮಾಡೋದು?

ಹೆಬ್ಬಾಳ_ಜನರಲ್_ಶಿಫ್ಟ್:
ಊರು ಮೈಸೂರು. ಕುವೆಂಪುನಗರದ ಕಡೆಯಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ, ಒಂದು ಕಡೆಗೆ ಹೆಚ್ಚುಕಮ್ಮಿ 9 ಕಿ.ಮೀ. ಬಿಟ್ಟವರು ಹೇಳೋ ಕಾರಣ: ಮಂಡಿನೋವು, ಬೆವರು, ವಾರಕ್ಕೊಂದು ಪಂಚರ್. ಬಹುಪಾಲು ಎಲ್ಲರ ಹತ್ರ ಇರೋದು 26 ಇಂಚಿನ ಗೇರ್ ಸೈಕಲ್, ಮುಂದೆ ಶಾಕ್ ಅಬ್ಸಾರ್ಬರ್. ಪರಿಸರ ಉಳಿಸಿ ಅಂತ ಪೋಸ್ಟರ್ ಅಂಟಿಸಿದ್ದಾಯ್ತು, ಅದನ್ನ ನೋಡಿ ಒಬ್ಬರೂ ತಿರುಗಿ ಬರಲಿಲ್ಲ.

ಗ್ರೀಸ್_ಕೈ:
ಪೋಸ್ಟರ್ ಬಿಡಿ ಸಾರ್, ಸ್ಪಾನರ್ ಹಿಡೀರಿ. ಇದರಲ್ಲಿ ಮುಕ್ಕಾಲು ಪಾಲು ಸೀಟು ಮತ್ತು ಗಾಳಿಯ ಸಮಸ್ಯೆ.

ಸೀಟು ಮೊದಲು. ಗೋಡೆ ಹಿಡಿದು ಸೈಕಲ್ ಮೇಲೆ ಕೂತ್ಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು, ಸೊಂಟ ಆ ಕಡೆಗೆ ವಾಲಬಾರದು. ಆಮೇಲೆ ಮುಂಗಾಲಲ್ಲಿ ತುಳಿದಾಗ ಮಂಡಿ ಸ್ವಲ್ಪ ಮಡಚಿರುತ್ತೆ, ಅಷ್ಟು ಸಾಕು. ನಮ್ಮಲ್ಲಿ ಹೆಚ್ಚಿನವರು ಸೀಟನ್ನ ನಾಲ್ಕೈದು ಇಂಚು ಕೆಳಗೇ ಇಟ್ಕೊಂಡಿರ್ತಾರೆ. ಆಗ ಪ್ರತಿ ಸುತ್ತಿಗೂ ಮಂಡಿ ಅತಿಯಾಗಿ ಮಡಚಿ, ಚಿಪ್ಪಿನ ಮುಂಭಾಗ ನೋಯುತ್ತೆ. ಮಂಡಿಯ ಹಿಂದೆ ನೋವಿದ್ರೆ ಉಲ್ಟಾ, ಸೀಟು ಜಾಸ್ತಿ ಎತ್ತರ ಆಗಿದೆ ಅಂತ. ಒಂದೇ ಎಚ್ಚರಿಕೆ: ಸೀಟಿನ ಕೆಳಗಿನ ಕೊಳವೆ ಮೇಲೆ ಒಂದು ಗೆರೆ ಕೆತ್ತಿರುತ್ತೆ. ಅದು ಹೊರಗೆ ಕಾಣೋಷ್ಟು ಎಳೀಬೇಡಿ, ಕೊಳವೆ ಬಾಗುತ್ತೆ ಅಥವಾ ಫ್ರೇಮ್ ಸೀಳುತ್ತೆ.

ಈಗ ಪಂಚರ್. ಟ್ಯೂಬ್ ಬಿಚ್ಚಿ, ಗಾಳಿ ತುಂಬಿ, ನೀರಲ್ಲಿ ಅದ್ದಿ ನೋಡಿ. ಅಕ್ಕಪಕ್ಕ ಜೋಡಿಯಾಗಿ ಎರಡು ತೂತು, ಹಾವು ಕಚ್ಚಿದ ಹಾಗೆ ಇದ್ದರೆ ಅದು ಮುಳ್ಳಿನ ಕೆಲಸ ಅಲ್ಲ. ಗಾಳಿ ಕಮ್ಮಿ ಇದ್ದು, ಗುಂಡಿಯ ಅಂಚಿಗೆ ಹೊಡೆದಾಗ ರಿಮ್ಮು ಟ್ಯೂಬನ್ನ ಕಚ್ಚಿದೆ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ. 26 ಇಂಚಿನ ದಪ್ಪ ಟೈರಿಗೆ 40–50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸರಿಹೋಗುತ್ತೆ. ಹೆಬ್ಬೆರಳಲ್ಲಿ ಒತ್ತಿ ‘ಗಟ್ಟಿ ಇದೆ’ ಅನ್ನೋದು ಲೆಕ್ಕಕ್ಕಿಲ್ಲ, 25 ಇದ್ದರೂ ಗಟ್ಟಿ ಅನಿಸುತ್ತೆ.

ಒಂದೇ ತೂತಾದ್ರೆ ಮುಳ್ಳೋ ಗಾಜೋ ಇನ್ನೂ ಟೈರಲ್ಲೇ ಇರಬಹುದು. ಹಳೇ ಬನಿಯನ್ ತುಂಡನ್ನ ಟೈರಿನ ಒಳಗೆ ಸುತ್ತ ಎಳೀರಿ, ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲೇ ಇದೆ. ಪ್ಯಾಚ್ ಹಾಕೋಕೆ ಮುಂಚೆ ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಕಾಯಿರಿ. ಹಸಿ ಇರುವಾಗಲೇ ಅಂಟಿಸಿದ ಪ್ಯಾಚ್ ಮಾರನೇ ದಿನ ಏಳುತ್ತೆ.

ಕಾಲೆಟುಕಲ್ಲ:
ಅಷ್ಟು ಎತ್ತರ ಮಾಡಿದ್ರೆ ಸಿಗ್ನಲಲ್ಲಿ ಕಾಲು ನೆಲಕ್ಕೆ ಎಟುಕಲ್ವಲ್ಲ? ಭಯ ಆಗುತ್ತೆ.

ಗ್ರೀಸ್_ಕೈ:
ಎಟುಕಬಾರದು. ನಿಲ್ಲಿಸುವಾಗ ಸೀಟಿಂದ ಮುಂದಕ್ಕೆ ಇಳಿದು, ಅಡ್ಡಕೊಳವೆಯ ಆಚೀಚೆ ಕಾಲು ಹಾಕಿ ನಿಲ್ಲಬೇಕು. ಖಾಲಿ ಮೈದಾನದಲ್ಲಿ ಇಪ್ಪತ್ತು ಸಲ ಮಾಡಿದ್ರೆ ರೂಢಿ ಆಗುತ್ತೆ. ಅಲ್ಲೀತನಕ ಬೇಕಾದ್ರೆ ವಾರಕ್ಕೆ ಒಂದೊಂದು ಸೆಂಟಿಮೀಟರ್ ಏರಿಸಿ.

ಎರಡನೇ_ಗೇರ್:
ಬೆವರಿನ ವಿಷಯ. ಅದಕ್ಕೆ ಎರಡು ಕಾರಣ: ಬೆನ್ನಿಗಂಟಿದ ಬ್ಯಾಗು, ಮತ್ತೆ ಭಾರದ ಗೇರು. ಬ್ಯಾಗನ್ನ ಕ್ಯಾರಿಯರ್‌ಗೆ ಕಟ್ಟಿ, ಬೆನ್ನು ಅರ್ಧ ಒಣಗುತ್ತೆ. ಗೇರಿನ ವಿಚಾರಕ್ಕೆ ಬಂದರೆ, ಪೆಡಲ್ ಹತ್ತಿರದ ಮೂರು ಹಲ್ಲುಚಕ್ರಗಳಲ್ಲಿ ಚೈನು ನಡುವಿನದರಲ್ಲೇ ಇರಲಿ, ಊರೊಳಗೆ ಹಿಂದಿನದನ್ನ ಮಾತ್ರ ಬದಲಾಯಿಸಿ. ಒಂದು ನಿಮಿಷಕ್ಕೆ 70–80 ಸುತ್ತು ಪೆಡಲ್ ಹಗುರಾಗಿ ತಿರುಗಬೇಕು. 50 ಸುತ್ತಲ್ಲಿ ದಬ್ಬುತ್ತಾ ಹೋದರೆ ಮಂಡಿಗೂ ಹೊಡೆತ. ಸಿಗ್ನಲ್ ಬರೋಕೆ ಮುಂಚೆಯೇ ಹಗುರ ಗೇರಿಗೆ ಇಳಿಸಿಕೊಳ್ಳಿ, ಯಾಕಂದ್ರೆ ಈ ಗೇರ್‌ಗಳು ಪೆಡಲ್ ತಿರುಗುವಾಗ ಮಾತ್ರ ಬೀಳೋದು. ಕೊನೇ ಒಂದು ಕಿ.ಮೀ. ಆರಾಮಾಗಿ ತುಳಿದು ಬನ್ನಿ.

ಚೈನಿಗೆ ಕೊಬ್ಬರಿ ಎಣ್ಣೆ, ಹಳೇ ಎಂಜಿನ್ ಆಯಿಲ್ ಎರಡೂ ಬೇಡ, ಧೂಳು ಸೇರಿ ಅರೆಯೋ ಪೇಸ್ಟ್ ಆಗುತ್ತೆ. ಚೈನ್ ಲ್ಯೂಬ್ ಕೊಂಡಿಗೊಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದ್ದನ್ನೆಲ್ಲ ಒರೆಸಿ. ಮಳೇಲಿ ನೆನೆದರೆ ಮತ್ತೆ ಹಾಕಿ.

ರಿಂಗ್‌ರೋಡ್_ಸವಾರ:
ಮೇಲಿನದ್ದೆಲ್ಲ ಒಪ್ಪಿದೆ. ಆದರೆ ಆ ಸೈಕಲ್ಲುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಡಾಂಬರು ರಸ್ತೆಗೆ ಮುಂದಿನ ಶಾಕ್ ಅಬ್ಸಾರ್ಬರ್ ದಂಡ: ತೂಕ ಹೆಚ್ಚು, ಎದ್ದು ತುಳಿದಾಗ ನಿಮ್ಮ ಶಕ್ತಿಯನ್ನೇ ಕುಡಿಯುತ್ತದೆ. ಹೊಸ ಸೈಕಲ್ ಕೊಳ್ಳಬೇಕಿಲ್ಲ. ಮುಳ್ಳುಮುಳ್ಳಾದ ಟೈರ್ ತೆಗೆಸಿ 26 x 1.5ರ ನುಣುಪು ಟೈರ್ ಹಾಕಿಸಿದರೆ ಅದೇ ಸೈಕಲ್ ಬೇರೆಯದೇ ಅನಿಸುತ್ತದೆ. ಗಾಳಿ ಮಾತ್ರ 60ರ ಹತ್ತಿರ ಬೇಕಾಗುತ್ತದೆ, ಹೊಸ ಟೈರಿನ ಮೇಲಿನ ಮಿತಿ ನೋಡಿಕೊಳ್ಳಿ.

ಜನ ವಾಪಸ್ ಬರಬೇಕಾದರೆ ಸೋಮವಾರದ ಟ್ರಾಫಿಕ್ಕಿನಿಂದ ಶುರು ಮಾಡಿಸಬೇಡಿ. ಭಾನುವಾರ ಬೆಳಿಗ್ಗೆ ಆರಕ್ಕೆ ಶ್ರೀರಂಗಪಟ್ಟಣಕ್ಕೆ ಕರೆದೊಯ್ಯಿರಿ, ಅಲ್ಲಿ ತಿಂಡಿ, ಬಿಸಿಲೇರುವ ಮುಂಚೆ ವಾಪಸ್. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕು, ಆಟೋದಂತೆ ಸೈಕಲ್ಲಿಗೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಿ. ಎಲ್ಲರಿಗಿಂತ ನಿಧಾನವಾದವರು ಮುಂದಿರಲಿ, ಗಾಳಿ ಪಂಪು ಇರುವವರು ಕೊನೆಗೆ. ಚಾಮುಂಡಿ ಬೆಟ್ಟ ಈಗಲೇ ಬೇಡ, ಹೊಸಬರನ್ನು ಓಡಿಸಲು ಅದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿಲ್ಲ!

ಪೋಸ್ಟರಿಗೆ ಅಂಕಿ ಬೇಕೇ ಬೇಕಿದ್ದರೆ: ದಿನಕ್ಕೆ 18 ಕಿ.ಮೀ., ತಿಂಗಳಿಗೆ 22 ದಿನ, ಸ್ಕೂಟರ್ ಲೀಟರಿಗೆ 45 ಕೊಟ್ಟರೆ ಸುಮಾರು 9 ಲೀಟರ್ ಪೆಟ್ರೋಲ್. ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ತಲೆಗೆ ತಿಂಗಳಿಗೆ 20 ಕೆ.ಜಿ. ಉಳಿತಾಯ. ಅದರ ಪಕ್ಕದಲ್ಲೇ ಪೆಟ್ರೋಲಿನ ದುಡ್ಡನ್ನೂ ಬರೆಯಿರಿ, ಜನ ಅದನ್ನೇ ಓದುವುದು.

ಹೆಬ್ಬಾಳ_ಜನರಲ್_ಶಿಫ್ಟ್:
ಮೂರು ಜನರ ಹಳೇ ಟ್ಯೂಬ್ ನೋಡಿದೆ. ಮೂರರಲ್ಲೂ ಜೋಡಿ ತೂತು! ಆಫೀಸಿನ ಸೈಕಲ್ ಸ್ಟ್ಯಾಂಡಲ್ಲಿ ಒಂದು ಪಂಪ್ ಇಡೋಣ ಅಂತಿದೀವಿ. ಯಾವುದು ತಗೊಳ್ಳೋದು?

ಗ್ರೀಸ್_ಕೈ:
ಕಾಲಲ್ಲಿ ಮೆಟ್ಟಿ ನಿಂತು ಎರಡೂ ಕೈಲಿ ಒತ್ತೋ ಪಂಪು, ಕೆಳಗೆ ಗೇಜ್ ಇರೋದು. ಬಾಯಿ ಎರಡೂ ಬಗೆಯ ವಾಲ್ವಿಗೆ ಕೂರಬೇಕು: ಸ್ಕೂಟರಿನಂಥ ದಪ್ಪದಕ್ಕೂ, ತೆಳ್ಳನೆಯದಕ್ಕೂ. ತೆಳ್ಳನೆಯದರ ತುದಿಯ ಪುಟ್ಟ ನಟ್ಟು ಸಡಿಲಿಸದೆ ಪಂಪ್ ಮಾಡಿದ್ರೆ ಗಾಳಿ ಒಳಗೆ ಹೋಗಲ್ಲ, ಅದನ್ನ ಪಂಪಿನ ಮೇಲೇ ಬರೆದು ಅಂಟಿಸಿ. ಪಂಪನ್ನ ಚೈನ್ ಹಾಕಿ ಕಂಬಕ್ಕೆ ಬೀಗ ಹಾಕಿ. ಪಕ್ಕದಲ್ಲಿ 5 ಮತ್ತು 6 ಎಂಎಂ ಅಲೆನ್ ಕೀ, ಟೈರ್ ಬಿಚ್ಚೋ ಪ್ಲಾಸ್ಟಿಕ್ ಪಟ್ಟಿ ಎರಡು, 26 ಇಂಚಿನ ಟ್ಯೂಬ್ ಎರಡು. ಸೋಮವಾರ ಸಂಜೆ ಹೊರಡುವಾಗ ಎಲ್ಲರೂ ಗಾಳಿ ನೋಡ್ಲಿ, ಬೆಳಿಗ್ಗೆ ಯಾರಿಗೂ ಪುರುಸೊತ್ತಿರಲ್ಲ.