ಶೀಟ್ ಕಟಿಂಗ್ ಲೇಔಟ್‌ಗೆ ಯಾವ ಸಾಫ್ಟ್‌ವೇರ್ ಆಗ್ಬಹುದು?

ಪರ್ಕಳದ ಪ್ಲೈ:
ನಮ್ಮದು ಪರ್ಕಳದಲ್ಲಿ ಸಣ್ಣ ಶಾಪ್. ಶೀಟ್ ಕೊಯ್ಯುವ ಒಂದು ಸ್ಲೈಡಿಂಗ್ ಪ್ಯಾನೆಲ್ ಸಾ, ತುಂಡಿನ ಅಂಚಿಗೆ ಪಟ್ಟಿ ಅಂಟಿಸುವ ಒಂದು ಎಡ್ಜ್ ಬ್ಯಾಂಡರ್, ನಾನು, ಇಬ್ಬರು ಹುಡುಗರು. ಮಣಿಪಾಲದ ಫ್ಲ್ಯಾಟ್‌ಗಳ ಕಿಚನ್, ವಾರ್ಡ್‌ರೋಬ್ ಕೆಲಸವೇ ಜಾಸ್ತಿ. ಇಷ್ಟರವರೆಗೆ ಯಾವ ತುಂಡು ಶೀಟಿನಲ್ಲಿ ಎಲ್ಲಿ ಬರಬೇಕು ಎಂಬ ಕಟಿಂಗ್ ಲೆಕ್ಕ ಎಲ್ಲ ಪ್ಲೈ ತುಂಡಿನ ಮೇಲೆ ಪೆನ್ಸಿಲ್‌ನಲ್ಲೇ. ನೀರು ತಡೆಯುವ 710 ಗ್ರೇಡಿನ ಪ್ಲೈ ರೇಟಿಗೆ ಒಂದು ಶೀಟ್ ಹೆಚ್ಚು ಹೋದರೂ ಹೊಟ್ಟೆ ಉರಿಯುತ್ತದೆ. ಕಂಪ್ಯೂಟರ್ ಉಂಟು, ಹಳೇದು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಜೋಡಿಯಾಗಿ ಹೋಗುವ ಜಾಗ. ತಿಂಗಳು ತಿಂಗಳು ದುಡ್ಡು ಕಟ್ಟುವಂಥದ್ದು ಬೇಡ. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಕಡಲಕರೆ ಡಿಸೈನರ್:
ಡ್ರಾಯಿಂಗ್ ಸ್ಕೆಚ್‌ಅಪ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡ್ತೀರಾದ್ರೆ ಅದಕ್ಕೆ ಓಪನ್‌ಕಟ್‌ಲಿಸ್ಟ್ ಎಂಬ ಎಕ್ಸ್‌ಟೆನ್ಶನ್ ಹಾಕಿ. ಉಚಿತ. ಮಾಡೆಲ್‌ನಿಂದಲೇ ಪಟ್ಟಿ ತೆಗೆದು ಲೇಔಟೂ ಕೊಡ್ತದೆ. ಬ್ರೌಸರ್‌ನ ಸ್ಕೆಚ್‌ಅಪ್‌ಗೆ ಮಾತ್ರ ಆಗ್ಲಿಕ್ಕಿಲ್ಲ.

ಬೈಕಂಪಾಡಿಯವ:
ಪರ್ಕಳದವರೇ, ಸಾಫ್ಟ್‌ವೇರ್ ಹೆಸರು ಆಮೇಲೆ. ನಿಮ್ಮದು ಪ್ಯಾನೆಲ್ ಸಾ ಅಲ್ವಾ? ಅದರಲ್ಲಿ ಶೀಟಿನ ಈ ತುದಿಯಿಂದ ಆ ತುದಿಗೆ ನೇರ ಕಟ್ ಮಾತ್ರ. ಮಧ್ಯದಲ್ಲಿ ನಿಲ್ಲಿಸಿ ತಿರುಗಿಸಲಿಕ್ಕೆ ಅದೇನು ಕಂಪ್ಯೂಟರ್ ಹೇಳಿದ ಹಾಗೆ ಕೊಯ್ಯುವ ಸಿಎನ್‌ಸಿ ರೂಟರ್ ಅಲ್ಲ. ಹಾಗಾಗಿ ‘ಗಿಲೋಟಿನ್’ ಲೇಔಟ್ ಕೊಡುವುದನ್ನೇ ನೋಡಿ. ವೇಸ್ಟೇಜ್ ಕಡಿಮೆ ಎಂದು ತೋರಿಸುವ ಚಂದದ ಚಿತ್ರವನ್ನು ಹುಡುಗ ಕೊಯ್ಯಲಿಕ್ಕೇ ಆಗದಿದ್ದರೆ ಎಂತ ಪ್ರಯೋಜನ?

ಬ್ಲೇಡಿನ ದಪ್ಪ, ಅಂಚಿನ ಟ್ರಿಮ್, ಗ್ರೈನ್ (ಮರದ ಗೆರೆ) ದಿಕ್ಕು ಹಾಕುವ ಜಾಗ ಇರಲೇಬೇಕು. 2440 × 1220ರ ಶೀಟಿಗೆ ನಾಲ್ಕೂ ಅಂಚು 5 ಎಂಎಂ ತೆಗೆದರೆ ಅಗಲ 1210. ಬೇಸ್ ಕ್ಯಾಬಿನೆಟ್ ಸೈಡ್ 560ರ ಎರಡು ಸಾಲು, ಬ್ಲೇಡ್ 3ರ ಹಾಗೆ ಎರಡು ಕಟ್. ಉಳಿಯುವುದು 84. ಬಾಕ್ಸಿನ ಮೇಲಿನ ಅಡ್ಡಪಟ್ಟಿ 100 ಇಟ್ಟಿದ್ದೀರಾ, ಅದಕ್ಕೆ ಬೇರೆ ಶೀಟ್ ಮುರಿಯಬೇಕು. 80 ಇಟ್ಟರೆ ಅದರಲ್ಲೇ ಬರ್ತದೆ. ಅಳತೆ ಬದಲಿಸಿ ಎಂದು ಯಾವ ಸಾಫ್ಟ್‌ವೇರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವು ಎರಡು ಥರ ಹಾಕಿ ನೋಡಬೇಕು. ನನ್ನ ಮಟ್ಟಿಗೆ ಶೀಟ್ ಉಳಿದದ್ದು ಹೆಚ್ಚಾಗಿ ಹೀಗೆಯೇ.

ನಿಮ್ಮ ಹಳೇ ಕಂಪ್ಯೂಟರ್‌ಗೆ ಮ್ಯಾಕ್ಸ್‌ಕಟ್‌ನ ಕಮ್ಯುನಿಟಿ ಆವೃತ್ತಿ ನೋಡಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವಂಥದ್ದು, ದುಡ್ಡಿಲ್ಲ. ಕಟ್‌ಲಿಸ್ಟ್ ಆಪ್ಟಿಮೈಸರ್ ಮೊಬೈಲಲ್ಲೂ ಸಿಗ್ತದೆ, ಕಲಿಯಲಿಕ್ಕೆ ಸುಲಭ, ಆದರೆ ಪುಕ್ಕಟೆಗೆ ಮಿತಿ ಉಂಟು.

ಪರ್ಕಳದ ಪ್ಲೈ:
84ರ ಲೆಕ್ಕ ನೋಡಿ ಸುಮ್ಮನೆ ಕೂತೆ ಅಣ್ಣ! ಎಡ್ಜ್ ಬ್ಯಾಂಡ್ ದಪ್ಪ ನಾನೇ ಕಳೆದು ಹಾಕಬೇಕಾ? ಶಟರ್‌ಗೆ, ಅಂದ್ರೆ ಕ್ಯಾಬಿನೆಟ್ ಬಾಗಿಲಿಗೆ, ನಾಲ್ಕೂ ಸುತ್ತ 2 ಎಂಎಂ ಹೊಡೆಯುತ್ತೇವೆ.

ಬೈಕಂಪಾಡಿಯವ:
ಒಂದೋ ನೀವು ಕಳೀರಿ, ಇಲ್ಲ ಸಾಫ್ಟ್‌ವೇರಿಗೆ ಬಿಡಿ. 600ರ ಶಟರ್‌ಗೆ ಕಟ್ 596. ನೀವು 596 ಬರೆದು, ಸಾಫ್ಟ್‌ವೇರೂ ಮತ್ತೆ 4 ಕಳೆದರೆ 592ಕ್ಕೆ ಕೊಯ್ದ ಶಟರ್ ಗೋಡೆಗೆ ಒರಗಿಸಿಡಬೇಕಷ್ಟೆ. ಶಟರ್‌ಗೆ ಗ್ರೈನ್ ಲಾಕ್ ಮಾಡಿ, ಒಳಗಿನ ಬಿಳಿ ಲ್ಯಾಮಿನೇಟಿನ ತುಂಡುಗಳಿಗೆ ಬಿಟ್ಟುಬಿಡಿ. ಅವು ಹೇಗೆ ತಿರುಗಿದರೂ ನಡೀತದೆ.

ಕಡಲಕರೆ ಡಿಸೈನರ್:
ಉಳಿದ ತುಂಡುಗಳನ್ನೂ ಸ್ಟಾಕಿಗೆ ಹಾಕಿ. ಆದರೆ ಅಂಗೈಯಗಲದ್ದೆಲ್ಲ ಬೇಡ, ಡ್ರಾವರ್ ಸೈಡ್ ಆಗುವಷ್ಟಾದರೂ ಇರಲಿ. ತುಂಡಿನ ಮೇಲೆ ಅಳತೆ ಮಾರ್ಕರ್‌ನಲ್ಲಿ ಬರೆದಿಡದಿದ್ದರೆ ಕಂಪ್ಯೂಟರಲ್ಲಿ ಇರ್ತದೆ, ಶಾಪಲ್ಲಿ ಸಿಗುವುದಿಲ್ಲ.

ಪರ್ಕಳದ ಪ್ಲೈ:
ಆಯ್ತು, ಮೊದಲು ಮ್ಯಾಕ್ಸ್‌ಕಟ್ ಹಾಕ್ತೇನೆ. ಪ್ರಿಂಟ್ ದೊಡ್ಡ ಅಕ್ಷರದಲ್ಲಿ ಬರ್ತದಾ? ಸಾ ಹತ್ತಿರ ನಿಲ್ಲುವ ಹುಡುಗನಿಗೆ ಕನ್ನಡಕ ಹಾಕು ಅಂದ್ರೆ ಕೇಳುವುದಿಲ್ಲ.